ಅವ್ವನ ತಾಮ್ರದ ಕೊಡ

ಗಜೇಂದ್ರಗಡದ ನಮ್ಮ ಮನೆಯಲ್ಲಿ, ಮಗ್ಗದ ಪಕ್ಕ, ಒಂದು ಗಾಜಿನ ತೊಟ್ಟಿಯಿತ್ತು. ಅದರ ಉಪ್ಪುನೀರಿನಲ್ಲಿ ಐದು ಜೀವಂತ ಹವಳಗಳನ್ನು ಸಾಕಿದ್ದೆ. ಕಳೆದ ಬೇಸಿಗೆಯಲ್ಲಿ ಅವು ಮುದುಡಿ, ಬಣ್ಣ ಬಿಟ್ಟು, ಎಲುಬಿನಂತೆ ಬೆಳ್ಳಗಾಗತೊಡಗಿದವು. ಉಪ್ಪು ಅಳೆದೆ, ದೀಪ ಬದಲಿಸಿದೆ, ಸೆಕೆಗೆ ಫ್ಯಾನ್ ಹಚ್ಚಿದೆ. ಹವಳ ಮಾರಿದ ಹುಬ್ಬಳ್ಳಿಯ ಅಂಗಡಿಯವನನ್ನು ಫೋನಿನಲ್ಲಿ ಬಾಯಿಗೆ ಬಂದಂತೆ ಬೈದೆ. ಕೊನೆಗೆ, ವಾರಕ್ಕೊಮ್ಮೆ ಬದಲಿಸುತ್ತಿದ್ದ ನೀರನ್ನು ದಿನವೂ ಬದಲಿಸತೊಡಗಿದೆ. ಅವು ಇನ್ನೂ ಬೇಗ ಸತ್ತವು.

ಉಪ್ಪು ಬೆರೆಸಿ ತೊಟ್ಟಿಗೆ ಹಾಕುವ ಆ ನೀರನ್ನು ನಾನೇ ಊರಿನ ಫಿಲ್ಟರ್ ಘಟಕದಿಂದ ಪ್ಲಾಸ್ಟಿಕ್ ಕ್ಯಾನಿನಲ್ಲಿ ತರುತ್ತಿದ್ದೆ. ಕೊನೆಯ ಹವಳವೂ ಸತ್ತ ಮರುದಿನ ಬೆಳಿಗ್ಗೆ ನೋಡಿದರೆ, ಹುಣಸೆಹಣ್ಣು ಹಚ್ಚಿ ತಿಕ್ಕಿ ಬೆಳಗಿದ ತಾಮ್ರದ ಕೊಡದಿಂದ ಅವ್ವ ಆ ಕ್ಯಾನು ತುಂಬುತ್ತಿದ್ದಳು.

“ಇದೇನ ಮಾಡಾಕತ್ತೀಬೇ?”

“ಪ್ಲಾಸ್ಟಿಕ್ಕಿನ್ಯಾಗಿನ ನೀರ ಜೀವಕ್ಕ ಚಲೋ ಅಲ್ಲಪಾ. ಉಗಾದಿಯಿಂದ ದಿನಾ ಸಂಜಿಕೆ ಕೊಡಕ್ಕ ಸುರುವಿ, ಮುಂಜಾನೆ ಮತ್ತ ತುಂಬಿಡತೀನಿ.”

ಹವಳಕ್ಕೆ ತಾಮ್ರ ವಿಷ. ಅದು ನನಗೆ ಗೊತ್ತಿತ್ತು. ತಾಮ್ರದ ತಂತಿಯ ಚೂರೂ ತೊಟ್ಟಿಯ ಹತ್ತಿರ ಸುಳಿಯದಂತೆ ಕಾದಿದ್ದೆ. ನಾನೇ ತಂದ ನೀರನ್ನು ಮಾತ್ರ ಅನುಮಾನಿಸಲಿಲ್ಲ. ಕಾಯಿಲೆ ಹೆಚ್ಚಿದಷ್ಟೂ ಹೆಚ್ಚು ಹೆಚ್ಚು ಸುರಿದದ್ದು ನನ್ನ ಕೈಯೇ.

ಅವ್ವನಿಗೆ ಏನೂ ಹೇಳಲಿಲ್ಲ. ಈಗ ತೊಟ್ಟಿ ಒಣಗಿ ನಿಂತಿದೆ. ಕೊಡದ ನೀರನ್ನು ನಾವು ಎಂದಿನಂತೆ ಕುಡಿಯುತ್ತೇವೆ. ತೊಟ್ಟಿಯ ಗಾಜು ಒರೆಸುವಾಗಲೆಲ್ಲ ಅವ್ವ ಮರುಗುತ್ತಾಳೆ: “ಮೊದಲಿಂದನ ಕೊಡದ ನೀರ ಹಾಕಿದ್ರ ಉಳೀತಿದ್ವೇನೋ.”