ಗೇಟಿನಲ್ಲಿ ತಡೆದ ಮೊಸರುಬಜ್ಜಿ

ಆಕ್ಲೆಂಡಿನಲ್ಲಿ ಅಂತರರಾಷ್ಟ್ರೀಯ ಪಂದ್ಯವೊಂದಕ್ಕೆ ಬಿರಿಯಾನಿ ಮಳಿಗೆ ಹಾಕಿದ್ದೆ. ನಮ್ಮ ಚನ್ನಪಟ್ಟಣದ ಅಭ್ಯಾಸದಂತೆ, ಮೊಸರುಬಜ್ಜಿಯನ್ನು ನೂರಾರು ಪುಟ್ಟ ಪ್ಲಾಸ್ಟಿಕ್ ಕವರುಗಳಲ್ಲಿ ಕಟ್ಟಿ ಒಯ್ದಿದ್ದೆ. ಕ್ರೀಡಾಂಗಣದ ಗೇಟಿನಲ್ಲಿ ಕಸದ ಉಸ್ತುವಾರಿಯ ಬಿಳಿಕೂದಲ ಹೆಂಗಸು ತಡೆದರು.

"ಇದು ಒಳಗೆ ಬರಲ್ಲ."

"ಮೇಡಂ, ಮೊಸರುಬಜ್ಜಿ ಇಲ್ಲದ ಬಿರಿಯಾನಿ ಯಾರು ತಗೋತಾರೆ? ಇವತ್ತು ವ್ಯಾಪಾರ ಕೆಟ್ಟರೆ ಈ ಮಳಿಗೆ ನನಗೆ ಮತ್ತೆ ಸಿಗಲ್ಲ."

"ಮೊಸರುಬಜ್ಜಿ ಬರಲಿ. ಕವರು ಬೇಡ."

ನಾನು ಜಗಳಕ್ಕೆ ತಯಾರಾಗುವಷ್ಟರಲ್ಲಿ ಆಕೆ ಸ್ಟೀಲ್ ಪಾತ್ರೆ, ಎರಡು ಕತ್ತರಿ ತಂದು ನನ್ನ ಪಕ್ಕದಲ್ಲೇ ಕೂತರು. ಇಬ್ಬರೂ ಒಂದೊಂದೇ ಕವರು ಕತ್ತರಿಸಿ ಸುರಿದೆವು.

"ಇಷ್ಟು ಗಂಟು ಯಾರು ಹಾಕಿದ್ದು?"

"ನನ್ನ ಹೆಂಡತಿ."

"ಪಾಪ," ಅಂದರು.

ಬಿರಿಯಾನಿಯನ್ನು ಕ್ರೀಡಾಂಗಣದವರೇ ಕೊಟ್ಟ, ತೊಳೆದು ಬಳಸುವ ಬಟ್ಟಲುಗಳಲ್ಲಿ ಬಡಿಸಿದೆ. ಹಂಡೆ ಖಾಲಿಯಾಯಿತು. ಬಟ್ಟಲುಗಳು ವಾಪಸು ಬರುವ ಆಸೆ ಮಾತ್ರ ಬಿಟ್ಟಿದ್ದೆ.

ಪಂದ್ಯ ಮುಗಿದಾಗ, ಸೋತ ತಂಡದ ಅಭಿಮಾನಿಗಳೂ ಸಪ್ಪೆ ಮುಖದಲ್ಲಿ ಸಾಲಾಗಿ ನಿಂತು ಬಟ್ಟಲು ವಾಪಸು ಇಟ್ಟು ಹೋದರು. ಅಷ್ಟು ಸಾವಿರ ಜನ ಎದ್ದುಹೋದ ಮೆಟ್ಟಿಲುಗಳ ಮೇಲೆ ಒಂದು ಚೂರು ಕಾಗದವಿರಲಿಲ್ಲ. ಎರವಲು ಕೊಟ್ಟ ಪಾತ್ರೆ ಕೇಳದೆ ಮರಳಿದ್ದನ್ನು ಈ ವಯಸ್ಸಿನವರೆಗೆ ನಾನು ಕಂಡಿರಲಿಲ್ಲ, ಬೆರಗಾಗಿ ನಿಂತುಬಿಟ್ಟೆ.

ಮಳಿಗೆಗಳ ಇಡೀ ಸಾಲಿನಲ್ಲಿ ಕಸದ ಮೂಟೆ ಹೊತ್ತು ಮನೆಗೆ ಹೋದ ವ್ಯಾಪಾರಿ ನಾನೊಬ್ಬನೇ. ಕತ್ತರಿಸಿದ ಆ ಕವರುಗಳನ್ನು ಅಲ್ಲಿ ಬಿಡಲು ಗೇಟಿನ ಆ ಹೆಂಗಸು ಒಪ್ಪಲಿಲ್ಲ.