ಯಾರ್ ನೋಡ್ದೋರು ಅನ್ನುತ್ತಿದ್ದ ಮುನಿತಾಯತ್ತೆ

ನಮ್ಮ ವಂಶದಲ್ಲಿ ಸತ್ತವರಿಗೆಲ್ಲ ಏನೇನು ಇಷ್ಟವಿತ್ತು ಅನ್ನುವುದು ಪೂರ್ತಿಯಾಗಿ ಗೊತ್ತಿದ್ದದ್ದು ಮುನಿತಾಯತ್ತೆ ಒಬ್ಬಳಿಗೇ. ತಾತನಿಗೆ ನಾಟಿಕೋಳಿಯ ಈಲಿ ಆಗಬೇಕು, ಅಜ್ಜಿಗೆ ಕಡ್ಡಿಪುಡಿ ಇಲ್ಲದಿದ್ದರೆ ಆಗದು, ತಿಮ್ಮ ಚಿಕ್ಕಪ್ಪನ ಎಲೆಯ ಪಕ್ಕ ಬೀಡಿ ಇರಲೇಬೇಕು. ಅತ್ತೆ ನಮ್ಮಪ್ಪನ ತಂಗಿ. ನಲ್ಲೂರಿಗೆ ಕೊಟ್ಟಿದ್ದರು. ಪ್ರತಿ ವರ್ಷ ಪಿತೃಪಕ್ಷದ ಅಮಾವಾಸ್ಯೆಗೆ ಹುಣಸೇಹಣ್ಣಿನ ಕುಕ್ಕೆ ಹೊತ್ತು ತವರಿಗೆ ಬಂದಳೆಂದರೆ ಅಡುಗೆಮನೆ ಅವಳ ವಶ. ಅಂದು ನೆಂಟರಿಷ್ಟರೆಲ್ಲ ಸೇರುತ್ತಿದ್ದರು. ನಡುಮನೆಯಲ್ಲಿ ಕಳಶ, ಹೊಸ ಬಟ್ಟೆ, ಒಬ್ಬೊಬ್ಬ ಹಿರಿಯರಿಗೆ ಒಂದೊಂದು ಬಾಳೆಲೆ. ಆ ಎಲೆಗೆ ಬಡಿಸಿದ್ದೇ ಎಡೆ. ಧೂಪ ಹಾಕಿ, ಸತ್ತವರು ಉಂಡರು ಅಂದುಕೊಂಡ ಮೇಲೆ ಉಳಿದವರ ಊಟ.

ಬಡಿಸುವಾಗ ಅತ್ತೆ ಸತ್ತವರನ್ನು ಮಾತಾಡಿಸುತ್ತಿದ್ದಳು. ಮೆಲ್ಲಗೆ ಅಲ್ಲ, ಬೀದಿಗೆ ಕೇಳುವ ಹಾಗೆ. "ಏನಪ್ಪಯ್ಯ, ಹೋದ್ವರ್ಷ ಉಪ್ಪು ಜಾಸ್ತಿಯಾಯ್ತು ಅಂತ ಮುನಿಸ್ಕಂಡಿದ್ಯಾ? ಈ ಸಲ ಉಣ್ಣು ನೋಡಣ." "ಲೇ ತಿಮ್ಮ, ಬೀಡಿ ಆಮೇಕೆ. ಮೊದ್ಲು ಮುದ್ದೆ ಮುರಿ." ನಾವು ಕಿಸಕ್ಕನೆ ನಕ್ಕರೆ ಸೌಟು ನಮ್ಮ ಕಡೆ ತಿರುಗುತ್ತಿತ್ತು. "ನಗ್ರೇ ನಗ್ರಿ. ನೀವೂ ಒಂದಿನ ಇಲ್ಲೇ ಬಂದು ಕೂರ್ಬೇಕು, ಆಗ ಉಪ್ಪಿಲ್ಲದ ಸಾರು ಹಾಕ್ತೀನಿ."

ಗಂಡುದನಿಯ ಎತ್ತರದ ಹೆಂಗಸು. ಹುಣಸೆ ಕುಟ್ಟಿ ಕುಟ್ಟಿ ಉಗುರುಸಂದಿ ಸದಾ ಕಪ್ಪು. ಊರಿನ ಯಾವ ಗಾಳಿಮಾತು ಕಿವಿಗೆ ಬಿದ್ದರೂ ಅವಳದು ಒಂದೇ ಪ್ರಶ್ನೆ: "ಯಾರ್ ನೋಡ್ದೋರು?" ಇಂಥವಳ ಸೊಸೆ ಕಳ್ಳಿಯಂತೆ ಅಂದರೂ ಅದೇ, ತೋಪಿನಲ್ಲಿ ದೆವ್ವ ಇದೆಯಂತೆ ಅಂದರೂ ಅದೇ. ಹೇಳಿದವರು ತಡಬಡಾಯಿಸಿದರೆ, "ನೋಡಿಲ್ಲ ಅಂದ್ಮೇಲೆ ಬಾಯ್ ಮುಚ್ಕಂಡು ರಾಗಿ ಬೀಸು ಹೋಗು" ಅನ್ನುತ್ತಿದ್ದಳು. ಇಂಥ ಅತ್ತೆ ಕೇಳಲೇಬೇಕಾದ ಒಂದು ಕಡೆ ಆ ಪ್ರಶ್ನೆ ಕೇಳದೇ ಹೋದಳಲ್ಲ ಅಂತ ನನಗೆ ಇವತ್ತಿಗೂ ಮೈ ಜುಮ್ಮೆನ್ನುತ್ತದೆ.

ಆ ಸಾಲಿನ ಕೊನೆಯ ಎಲೆ ನಮ್ಮಮ್ಮ ಹೊನ್ನಮ್ಮನದು. ನಾನು ಕೈಗೂಸಾಗಿದ್ದಾಗ ಪ್ಲೇಗು ಬಂದು ಊರಿಗೆ ಊರೇ ಹೊಲಗಳಲ್ಲಿ ಗುಡಿಸಲು ಹಾಕಿಕೊಂಡಿತ್ತಂತೆ. ಅಮ್ಮನ ಕಂಕುಳಲ್ಲಿ ಗಡ್ಡೆ ಎದ್ದಿದ್ದೇ ತಡ, ಅತ್ತೆ ನನ್ನನ್ನು ನಲ್ಲೂರಿಗೆ ಎತ್ತಿಕೊಂಡು ಹೋದಳು. ಅವಳು ವಾಪಸ್ಸು ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಪ್ಲೇಗಿನ ಹೆಣ, ಗುಡಿಸಲು ಸಮೇತ ಸುಟ್ಟೆ ಅಂದ ಅಪ್ಪ. ತಿಥಿಯೂ ಆಗಿತ್ತು. ಚಿಕ್ಕಮ್ಮ ಬಂದಳು. ಪ್ರತಿ ಅಮಾವಾಸ್ಯೆಗೆ ಅಮ್ಮನ ಹೆಸರಲ್ಲಿ ಒಂದು ಹೊಸ ಸೀರೆ ಇಡುತ್ತಿದ್ದರು, ಮಾರನೆಯ ದಿನ ಅದು ಚಿಕ್ಕಮ್ಮನ ಮೈಮೇಲಿರುತ್ತಿತ್ತು. ಅಮ್ಮನ ಎಲೆಗೆ ಅತ್ತೆ ತಪ್ಪದೆ ಇಡುತ್ತಿದ್ದದ್ದು ಚಿಗಳಿ. ಹುಣಸೆ, ಬೆಲ್ಲ, ಜೀರಿಗೆ, ಮೆಣಸಿನಕಾಯಿ ಕುಟ್ಟಿ ಕಡ್ಡಿಗೆ ಮೆತ್ತಿದ ಉಂಡೆ. ನನಗೆ ಅಮ್ಮ ಅಂದರೆ ಆ ಹುಳಿವಾಸನೆ, ಅಷ್ಟೆ.

ಯುದ್ಧ ನಡೆಯುತ್ತಿದ್ದ ಕಾಲದ ಒಂದು ಅಮಾವಾಸ್ಯೆ. ನನಗಾಗ ಮದುವೆ ಮಾತು ನಡೆಯುತ್ತಿತ್ತು. ಆ ಸಲ ಅತ್ತೆ ಬಂದವಳು ಯಾರನ್ನೂ ಮಾತಾಡಿಸಲಿಲ್ಲ, ಸತ್ತವರನ್ನೂ ಮಾತಾಡಿಸಲಿಲ್ಲ. ಮುಸ್ಸಂಜೆಗೆ ಎಡೆ ಸಿದ್ಧವಾಯಿತು. ನಡುಮನೆ ತುಂಬ ಜನ. ಅಪ್ಪ ಧೂಪದ ಬಟ್ಟಲು ಹಿಡಿದು ಎಲೆಗಳ ಸಾಲು ನೋಡಿದ.

"ಮುನಿತಾಯಿ, ಹೊನ್ನಮ್ಮನ ಎಲೆ ಎಲ್ಲಮ್ಮ?"

"ಹಾಕಿಲ್ಲ."

"ಮರೆತ್ಯಾ?"

"ಮರೀಲಿಲ್ಲ ಅಣ್ಣಯ್ಯ. ಬದುಕಿರೋರಿಗೆ ಎಡೆ ಇಡಬಾರ್ದು."

ನನಗೆ ಮೊದಲು ಆ ಮಾತಿನ ಅರ್ಥವೇ ಆಗಲಿಲ್ಲ. ಅತ್ತೆ ನನ್ನ ಕಡೆ ತಿರುಗಿದಳು. "ನಿಮ್ಮಮ್ಮ ಬದುಕವ್ಳೆ ಕಣೇ ಲಕ್ಷ್ಮೀ. ವಿಜಯಪುರದಲ್ಲಿ ಜೈನಾಬಿ ಅಂತ ಸಾಬರ ಹೆಂಗಸಿನ ಮನೇಲಿ ರೇಷ್ಮೆ ನೂಲು ತೆಗೀತವ್ಳೆ. ಹುಣಸೇಹಣ್ಣು ಮಾರಕ್ಕೆ ಹೋಗಿದ್ದೆ, ಈ ಕಣ್ಣಲ್ಲಿ ನೋಡ್ದೆ. ಎಲ್ಲಾರೂ ಸೇರಿದಾಗ್ಲೇ ಹೇಳ್ಬೇಕು ಅಂತ ಬಾಯಿ ಕಟ್ಕಂಡಿದ್ದೆ."

ನಾನು ಕಂಬಕ್ಕೆ ಒರಗಿ ನಿಂತೆ. ಅತ್ತೆಗೆ ಅಪ್ಪನ ಮೇಲಿನ ಸಿಟ್ಟು ಈಗ ಕಟ್ಟೆ ಒಡೆಯಿತು. "ನೀರಿನ ಗಡಿಗೆ ಒಂದು ಇಟ್ಟು, ಉಸಿರಾಡೋ ಹೆಂಗಸನ್ನ ಬಿಟ್ಟು ಓಡ್ದೆ. ಬಂಡಿ ಹೊಡ್ಕಂಡು ಹೋಗ್ತಿದ್ದ ಜೈನಾಬಿ ನರಳೋದು ಕೇಳಿ ಎತ್ತಾಕಂಡು ಹೋದ್ಲು. ಆಮೇಲೆ ನೀನು ಬಂದು ಬೆಂಕಿ ಇಟ್ಟೆ. ಇಡೋಕ್ ಮುಂಚೆ ಒಳಗೆ ಇಣುಕಿ ನೋಡ್ದೇನೋ ಅಣ್ಣಯ್ಯ?"

"ಪ್ಲೇಗು ಕಣಮ್ಮ," ಅಂದ ಅಪ್ಪ. "ಹೆಂಗ್ ಒಳಕ್ಕೋಗ್ಲಿ?"

ಅಯ್ಯೋ ದೇವರೇ! ಒಳಗಿದ್ದಾಳೋ ಇಲ್ಲವೋ, ಸತ್ತಿದ್ದಾಳೋ ಬದುಕಿದ್ದಾಳೋ ನೋಡದೆ ಕಡ್ಡಿ ಗೀರಿದ್ದ ನಮ್ಮಪ್ಪ. ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಕೆರೆ ಏರಿ ಸುತ್ತಿಸುತ್ತಿದ್ದ ಅದೇ ಅಪ್ಪ.

"ವಾಸಿಯಾಗಿ ವಾಪಸ್ಸು ಬಂದೋಳ್ನ ಊರಾಚೆನೇ ತಡದ್ಯಲ್ಲ, ಅದು?"

"ತಿಥಿ ಆಗೋಗಿತ್ತು. ತಿಥಿ ಆದೋಳು ಹೊಸ್ತಿಲು ತುಳಿದ್ರೆ ಮನೆ ಉಳೀತದಾ?"

"ಮಗುನೂ ಹೋಯ್ತು ಅಂತ ಅವಳಿಗೆ ಯಾಕೆ ಹೇಳ್ದೆ?"

ಅಪ್ಪ ಕೆಂಡಕ್ಕೆ ಇನ್ನಷ್ಟು ಧೂಪ ಉದುರಿಸಿದ. ನನ್ನ ಎದೆ ಒಡೆದದ್ದು ಆಗ. ದೊಡ್ಡ ತಾತ, ಅಪ್ಪನ ದೊಡ್ಡಪ್ಪ, ಗೋಡೆ ನೋಡುತ್ತ ಅಂದರು: "ಹಳೇದೆಲ್ಲ ಈಗ್ಯಾಕಮ್ಮ? ಅನ್ನ ಆರೋಗ್ತದೆ." ಅಂದರೆ ಅವರಿಗೂ ಗೊತ್ತಿತ್ತು! ಮಿಕ್ಕವರೂ ಒಬ್ಬೊಬ್ಬರಾಗಿ ಧೂಪದ ಕಡೆ ತಿರುಗಿದರು. ಊಟಕ್ಕೆ ಹೊತ್ತಾಯಿತು ಅನ್ನುವ ಹಾಗೆ ಮುಖ ಮಾಡಿಕೊಂಡಿದ್ದರು.

ಅಪ್ಪ ಚಿಕ್ಕಮ್ಮನಿಗೆ ಕಣ್ಸನ್ನೆ ಮಾಡಿದ. ಅವಳು ಸಾಲಿನ ಕೊನೆಗೆ ಒಂದು ಎಲೆ ಹಾಸಿ, ಅತ್ತೆಯ ಗಂಟಿನಲ್ಲಿದ್ದ ಚಿಗಳಿಗೆ ಕೈ ಹಾಕಿದಳು. ಅತ್ತೆ ಗಂಟು ಕಿತ್ತುಕೊಂಡಳು. "ಮುಟ್ಬೇಡ. ಇದು ಬಾಯಿರೋರು ತಿನ್ನಕ್ಕೆ ಮಾಡಿರೋದು." ಕಳಶದ ಮುಂದಿದ್ದ ಹೊಸ ಸೀರೆಯನ್ನೂ ಎತ್ತಿಕೊಂಡು ನನ್ನ ಕೈ ಹಿಡಿದಳು.

"ಲಕ್ಷ್ಮೀ, ನೀನು ಈ ಹೊಸ್ತಿಲು ದಾಟಿದ್ರೆ ನನ್ ಪಾಲಿಗೆ ಸತ್ತಂಗೆ," ಅಂದ ಅಪ್ಪ.

"ಹಾಕಣ್ಣಯ್ಯ, ಇವಳಿಗೂ ಒಂದೆಲೆ ಹಾಕು," ಅಂದಳು ಅತ್ತೆ. "ನಿನಗೆ ಅಭ್ಯಾಸ ಐತಲ್ಲ."

ನಾನು ಹೊಸ್ತಿಲು ದಾಟಿದೆ.

ಮಾರನೆಯ ಬೆಳಿಗ್ಗೆ ಇದ್ದಿಲಿನ ಬಸ್ಸಿನಲ್ಲಿ ವಿಜಯಪುರಕ್ಕೆ ಹೋದೆವು. ದಾರಿಯುದ್ದಕ್ಕೂ ಅತ್ತೆ ಅತ್ತಳು. ಅವಳು ಅಳುವುದನ್ನು ನಾನು ಕಂಡೇ ಇರಲಿಲ್ಲ. "ಊರಿಗೆಲ್ಲ ಯಾರ್ ನೋಡ್ದೋರು ಅಂತೀನಿ. ಅವತ್ತೊಂದಿನ ಕೇಳ್ಲಿಲ್ವಲ್ಲೇ. ಬದುಕಿರೋಳಿಗೆ ಈ ಕೈಯಾರೆ ಎಡೆ ಇಟ್ಟೆ, ಪ್ರತಿ ವರ್ಷ" ಅಂತ ಅದೇ ಕೈಯಿಂದ ಹಣೆ ಚಚ್ಚಿಕೊಂಡಳು.

ಜೈನಾಬಿಯ ಹಿತ್ತಲಲ್ಲಿ ಕುದಿಯುವ ನೀರಿನ ಬಾಣಲೆ, ಹುಳದ ಗಬ್ಬುನಾತ. ಅದರ ಮುಂದೆ ಕೂತು ಗೂಡಿನಿಂದ ಎಳೆ ತೆಗೆಯುತ್ತಿದ್ದ ತೆಳ್ಳನೆಯ ಹೆಂಗಸು ಎದ್ದು ಬಂದಳು. ನನ್ನನ್ನು ತಬ್ಬಲಿಲ್ಲ. ಬಿಸಿನೀರಿಗೆ ಬೆಂದು ಬಿಳಿಚಿದ ಬೆರಳುಗಳನ್ನು ನನ್ನ ಮೂಗಿನ ಕೆಳಗೆ ಹಿಡಿದು ನಿಂತಳು. ಉಸಿರು ತಾಕಿದ ಮೇಲೆ ಕುಸಿದು ಕೂತಳು. ಅವಳ ಹಿಂದೆ, ಮೂಲೆಯಲ್ಲಿ, ಹಿಂದಿನ ಸಂಜೆಯ ಒಂದು ಪುಟ್ಟ ಬಾಳೆಲೆಯಿತ್ತು. ಅದರ ಮೇಲೆ ಪುರಿ ಉಂಡೆ ಇತ್ತು. ನನಗಿಟ್ಟ ಎಡೆ!

"ಮಗಳು ಬದುಕವ್ಳೆ ಅಂತ ಅವತ್ತು ಸಿಕ್ಕಾಗ್ಲೇ ಬಾಯ್ ಬಡ್ಕಂಡ್ನಲ್ಲೇ ಹೊನ್ನೀ!" ಅಂತ ಅತ್ತೆ ಕೂಗಿದಳು.

"ನಾನು ನೋಡಿರ್ಲಿಲ್ವಲ್ಲ ಮುನಿತಾಯೀ," ಅಂದಳು ಅಮ್ಮ.

ಅತ್ತೆ ಆ ಎಲೆಯನ್ನು ಮಡಚಿ ಒಲೆಗೆ ಹಾಕಿದಳು. ಆಮೇಲೆ ಚಿಗಳಿಯ ಗಂಟು ಬಿಚ್ಚಿ ಅಮ್ಮನ ಬಾಯಿಗೇ ಒಂದನ್ನು ತುರುಕಿದಳು.

ನಾನು ಅಮ್ಮನ ಜೊತೆಗೇ ಉಳಿದೆ. ತವರಿನ ಬಾಗಿಲು ನನಗೂ ಮುಚ್ಚಿತು, ಅತ್ತೆಗೂ ಮುಚ್ಚಿತು. ಅವಳು ಹುಣಸೆ ಕುಕ್ಕೆ ಹೊತ್ತು ನಮ್ಮಲ್ಲಿಗೇ ಬರತೊಡಗಿದಳು. ಬಂದವಳು ಬಾಗಿಲಲ್ಲೇ, "ಬದುಕವ್ಳೇನ್ರೇ ಹೊನ್ನಿ?" ಅಂತ ಕೂಗುವಳು. ಒಳಗಿನಿಂದ ಅಮ್ಮ, "ಬದುಕಿವ್ನಿ, ಬಂದ್ ನೋಡು" ಅನ್ನುವಳು. ಇಬ್ಬರೂ ನಗುವರು.

ಅತ್ತೆ ಸತ್ತ ಸುದ್ದಿ ತಂದದ್ದು ಅಪ್ಪನ ಊರಿನ ಆಳು. ನಾನು ಗೊಳೋ ಎಂದು ಅತ್ತುಬಿಟ್ಟೆ. ಅಮ್ಮ ಬಾಣಲೆಯ ಮುಂದಿನಿಂದ ಅಲ್ಲಾಡಲಿಲ್ಲ. "ಯಾರ್ ನೋಡ್ದೋರು?" ಅಂತ ಆಳನ್ನು ಕೇಳಿದಳು. ಗೌಡ್ರು ಹೇಳಿ ಕಳಿಸಿದ್ರು ಅಂದ ಅವನು. ಗೌಡ್ರು ಅಂದರೆ ನಮ್ಮಪ್ಪ. ಅಮ್ಮ ಕೈ ಒರೆಸಿಕೊಂಡು ಎದ್ದಳು.

ನಲ್ಲೂರಿನಲ್ಲಿ ಅಂಗಳದ ತುಂಬ ಜನ. ಅಪ್ಪನೂ ಇದ್ದ. ತಿಥಿಯಾಗಿಹೋದ ಹೆಂಗಸು ಬರುವುದನ್ನು ಕಂಡು ಒಬ್ಬೊಬ್ಬರೇ ಹಿಂದೆ ಸರಿದರು. ಅಮ್ಮ ಯಾರ ಮುಖವನ್ನೂ ನೋಡಲಿಲ್ಲ. ಚಾಪೆಯ ಪಕ್ಕ ಕೂತು, ಬೆಂದ ಬೆರಳುಗಳನ್ನು ಅತ್ತೆಯ ಮೂಗಿನ ಕೆಳಗೆ ಹಿಡಿದು, ಬಹಳ ಹೊತ್ತು ಹಾಗೇ ಕಾದಳು. ಆಮೇಲೆ ಕೈ ತೆಗೆದು ನನಗೆ ಹೇಳಿದಳು:

"ಹೂಂ. ಇನ್ಮೇಲೆ ಇವಳಿಗೊಂದು ಎಲೆ ಹಾಕು."