ಗೂಟ ಹೊಡೆಯದ ಗೋಲುಕಂಬ

ಬುಧವಾರ ಸಂಜೆ ನಾಲ್ಕು ಗಂಟೆ ನಲವತ್ತು ನಿಮಿಷ. ಹಾಜರಿ ಪುಸ್ತಕದಲ್ಲಿ ಕೊನೆಯ ಹುಡುಗಿಗೆ ಗುರುತು ಹಾಕಿ, ಪಕ್ಕದಲ್ಲಿ ಗಂಟೆ ಬರೆದು ತಲೆಯೆತ್ತಿದ್ದೆ. ಅದಕ್ಕೇ ಅಷ್ಟು ಖಚಿತವಾಗಿ ಗೊತ್ತು. ಮೈದಾನದ ಮಣ್ಣಿನ ಮೇಲೆ ಗೋಲುಕಂಬದ ನೆರಳು ಸರಿಯುತ್ತಿತ್ತು. ನೆರಳು ಹಾಗೆ ಸರಿಯಬಾರದು ಎಂದು ನನಗೆ ಹೊಳೆಯುವಷ್ಟರಲ್ಲಿ ಕಂಬ ಬಿದ್ದಾಗಿತ್ತು.

ನಾನು ಸೇಲಂನಲ್ಲಿ ಹುಟ್ಟಿ, ಅಲ್ಲೇ ಕಾಲೇಜಿನಲ್ಲಿ ಫಿಸಿಕ್ಸ್ ಓದಿ, ಮದುವೆಯಾಗಿ ಪೆನ್ನಾಗರಂ ಪಕ್ಕದ, ಕನ್ನಡವೂ ತಮಿಳೂ ಆಡುವ ಈ ಊರಿಗೆ ಬಂದವಳು. ನನ್ನ ಗಂಡ ಫುಟ್‌ಬಾಲ್ ಆಟಗಾರ. ಹತ್ತು ವರ್ಷ, ಧರ್ಮಪುರಿಯಿಂದ ಮೆಟ್ಟೂರಿನವರೆಗೆ ಎಲ್ಲಿ ಟೂರ್ನಮೆಂಟ್ ನಡೆದರೂ ನೋಟೀಸಿನಲ್ಲಿ ಅವರ ಫೋಟೋನೇ ದೊಡ್ಡದು. ಮ್ಯಾಚಿಗೆ ಮುಂಚೆ ಅವರದೊಂದು ರೂಢಿಯಿತ್ತು. ಎದುರಿನವರ ಗೋಲಿನತ್ತ ಓಡಿ, ಜಿಗಿದು, ಮೇಲಿನ ಅಡ್ಡಕಂಬಿ ಹಿಡಿದು ಒಂದು ಸಲ ಜೋತಾಡಿ ಬರುವುದು. ಜನ ಅದಕ್ಕೇ ಕಾದು ಶಿಳ್ಳೆ ಹೊಡೆಯುತ್ತಿದ್ದರು. ಮಂಡಿ ಕೈಕೊಟ್ಟು ಆಟ ಬಿಟ್ಟ ಮೇಲೆ ಅವರು ಊರಿನ ಹುಡುಗಿಯರಿಗೆ ಕಲಿಸಲು ಶುರುಮಾಡಿದರು; ಹಾಜರಿ ಬರೆಯುವ ಕೆಲಸ ನನ್ನದು. ಜೋತಾಡುವುದನ್ನು ಮಾತ್ರ ಬಿಡಲಿಲ್ಲ. ಯಾರೋ ಅದನ್ನು ಫೋನಿನಲ್ಲಿ ಹಿಡಿದು ಊರಿಗೆಲ್ಲ ಕಳಿಸಿದ್ದರು.

ನಿಜ ಹೇಳಬೇಕೆಂದರೆ, ಆಗ ಅವರು ಕಲಿಸುತ್ತಿರಲಿಲ್ಲ, ಆಡುತ್ತಿದ್ದರು. ಹುಡುಗಿಯರನ್ನು ಎರಡು ತಂಡ ಮಾಡಿ, ಒಂದರಲ್ಲಿ ತಾವೇ ನಿಂತು, ಗೋಲಿನ ಮೇಲೆ ಗೋಲು ಹೊಡೆದು ನಗುತ್ತಿದ್ದರು. ಮಕ್ಕಳಿಗೂ ಸ್ವಲ್ಪ ಚೆಂಡು ಬಿಡಿ ಎಂದು ನಾನೊಮ್ಮೆ ಹೇಳಿದಾಗ, "ನೋಡಿ ಕಲೀತಾರೆ ಬುಡು. ನಂಗ್ಯಾರು ಕಲ್ಸಿದ್ರು?" ಅಂದಿದ್ದರು.

ನಮ್ಮ ಮೈದಾನವೆಂದರೆ ಸಂತೆಯ ಬಯಲು. ಮಂಗಳವಾರ ಸಂತೆ. ಹಾಗಾಗಿ ಸೋಮವಾರ ಸಂಜೆ ಕಂಬಗಳನ್ನು ಎತ್ತಿ ಬೇಲಿಗೆ ಒರಗಿಸಬೇಕು, ಬುಧವಾರ ಮತ್ತೆ ತಂದು ನಿಲ್ಲಿಸಬೇಕು. ನೀರಿನ ಪೈಪು ಬೆಸೆದು ಮಾಡಿಸಿದ, ಹುಡುಗಿಯರ ಅಳತೆಯ ಗಿಡ್ಡ ಕಂಬಗಳು. ಹಿಂದಿನ ಕಾಲುಗಳಿಗೆ ಕಬ್ಬಿಣದ ಗೂಟ ಹೊಡೆದರೆ ಮಾತ್ರ ಗಟ್ಟಿ. ಬೇಸಿಗೆಯಲ್ಲಿ ಆ ನೆಲ ಕಲ್ಲಾಗಿಬಿಡುತ್ತದೆ. ಆ ಬುಧವಾರ ಗೂಟ ಎರಡು ಸಲ ಬಾಗಿತು. ಆಮೇಲೆ ನೋಡೋಣವೆಂದು ಅವರು ಸುತ್ತಿಗೆ ಬಿಸಾಡಿ ಚೆಂಡು ಎತ್ತಿಕೊಂಡರು. ನಾನು ನೋಡಿದೆ. ಹಿಂದೆ ಹಿಡಿತವಿಲ್ಲದೆ ಮುಂದೆ ಭಾರ ಬಿದ್ದರೆ ಏನಾಗುತ್ತದೆಂದು ಪರೀಕ್ಷೆಯಲ್ಲಿ ಚಿತ್ರ ಬಿಡಿಸಿ ಬರೆದವಳು ನಾನು. ಆದರೂ ಸುಮ್ಮನಿದ್ದೆ.

ಅಜ್ಜಿಯ ಜೊತೆ ಬೆಳೆದ ಹನ್ನೆರಡು ವರ್ಷದ ಹುಡುಗಿಯೊಬ್ಬಳಿದ್ದಳು, ಎಲ್ಲರಿಗಿಂತ ಚುರುಕು. "ಅಣ್ಣಾ, ಪಾರುಂಗ" ಎಂದು, ತನ್ನನ್ನು ನೋಡುವಂತೆ ತಮಿಳಿನಲ್ಲಿ ಕೂಗಿ, ಓಡಿಬಂದು ಕಂಬಿಗೆ ಜಿಗಿದಳು. ಕಂಬ ಅವಳ ಜೊತೆಗೇ ಬಂತು. ಅವಳು ಅಂಗಾತ ಬಿದ್ದಳು. ಅಡ್ಡಕಂಬಿಯ ಒಂದು ತುದಿ ಮಕ್ಕಳು ರಾಶಿ ಹಾಕಿದ್ದ ಚೀಲಗಳ ಮೇಲೆ ಕೂತಿತು, ಇನ್ನೊಂದು ತುದಿ ಅವಳ ಭುಜಕ್ಕೆ ಬಡಿದು ಮೂಳೆ ಮುರಿಯಿತು. ಕಂಬಿಗೂ ಅವಳ ಹಣೆಗೂ ನನ್ನ ಅಂಗೈಯಷ್ಟು ಅಂತರವೂ ಇರಲಿಲ್ಲ. ತಲೆ ನೆಲಕ್ಕೆ ಬಡಿದು ಪ್ರಜ್ಞೆ ಹೋಗಿತ್ತು.

ಧರ್ಮಪುರಿಯ ಆಸ್ಪತ್ರೆಯವರೆಗೂ ಆಟೋದಲ್ಲಿ ಅವಳ ತಲೆ ನನ್ನ ತೊಡೆಯ ಮೇಲಿತ್ತು. ಉಸಿರು ಎಣಿಸುತ್ತಲೇ ಕೂತಿದ್ದೆ. ದಾರಿಯಲ್ಲೊಮ್ಮೆ ಕಣ್ಣುಬಿಟ್ಟು ವಾಂತಿ ಮಾಡಿದಳು, ಮತ್ತೆ ಮುಚ್ಚಿದಳು. ಸ್ಕ್ಯಾನ್‌ನಲ್ಲಿ ಏನೂ ಕಾಣುತ್ತಿಲ್ಲ, ಆದರೂ ಒಂದು ದಿನ ಕಳೆಯದೆ ಏನೂ ಹೇಳಲಾರೆ ಎಂದರು ಡಾಕ್ಟರು.

ಮರುದಿನ ಮಧ್ಯಾಹ್ನ ಅವಳು ಎದ್ದು ಇಡ್ಲಿ ಕೇಳಿದಳು. ವರಾಂಡದಲ್ಲಿ ಊರಿನವರು ಸೇರಿದ್ದರು. ವೆಲ್ಡಿಂಗೇ ಸರಿಯಿಲ್ಲ ಅಂದರೊಬ್ಬರು. ಹೆಣ್ಣುಮಕ್ಕಳಿಗೆ ಈ ಕೋತಿಯಾಟ ಯಾಕೆ ಅಂದರಿನ್ನೊಬ್ಬರು. ನನ್ನ ಗಂಡನನ್ನು ಯಾರೂ ಏನೂ ಅನ್ನಲಿಲ್ಲ. ಅಷ್ಟು ದೊಡ್ಡ ಆಟಗಾರನಿಗೆ ಯಾರು ಹೇಳುತ್ತಾರೆ? ಅಜ್ಜಿ ಮಾತ್ರ ಅವರೆದುರಿಗೆ ಬಂದು ನಿಂತರು.

"ಯಪ್ಪಾ, ಆ ಕಂಬಿ ಇಡ್ಕಂಡು ನೇತಾಡಾದ ಯಾರು ಏಳ್ಕೊಟ್ಟಿದ್ದು?"

ನನ್ನ ಗಂಡ ಸುಮ್ಮನಿದ್ದಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು. ದೂರಲು ವೆಲ್ಡರ್ ಇದ್ದ, ಹುಡುಗಿಯ ತುಂಟತನವಿತ್ತು.

"ನಾನೇ ಕಣಮ್ಮಾ," ಅಂದರು. "ಗೂಟ ಒಡೀದೆ ಬುಟ್ಟಿದ್ದೂ ನಾನೇ."

ಅಜ್ಜಿ ಬೈಯಲಿಲ್ಲ. "ಅಂಗಾರೆ ಇನ್ಮ್ಯಾಕೆ ನೀನು ಆಡ್ಬ್ಯಾಡ. ನಿಂತ್ಕಂಡು ನೋಡು," ಅಂದರು.

ಮೂರು ವಾರ ಅವರು ಬಯಲಿನ ಕಡೆ ಹೋಗಲಿಲ್ಲ. ಇಬ್ಬರಿಗೂ ನಿದ್ದೆಯಿಲ್ಲ. ನಾನು ಕಣ್ಣು ಮುಚ್ಚಿದರೆ ನೆರಳು ಸರಿಯುತ್ತದೆ. ಎದ್ದು ನೋಡಿದರೆ ಅವರು ಬಾಗಿಲ ಬಳಿ ಕೂತಿರುತ್ತಾರೆ. ಕೊನೆಗೆ ಹುಡುಗಿಯರೇ ಅವರನ್ನು ಕರೆಯಲು ಮನೆಗೆ ಬಂದು, ಹೊರಡದೆ ಜಗಲಿಯಲ್ಲಿ ಕೂತುಬಿಟ್ಟರು.

ಆಮೇಲೆ ನನ್ನ ಗಂಡ ಮಂಗಳವಾರ ಸಂತೆ ಮುಗಿದ ಕೂಡಲೇ ಹೋಗಿ ಗೂಟದ ಜಾಗಕ್ಕೆ ನಾಲ್ಕು ಕೊಡ ನೀರು ಸುರಿದು ಬರುತ್ತಿದ್ದರು. ಮರುದಿನ ಮೂರು ಗಂಟೆಗೇ ಗೂಟ ಹೊಡೆದು, "ನೀನು ಓದಿದೋಳು, ಜಗ್ಗಿ ನೋಡು ಬಾ," ಎಂದು ನನ್ನನ್ನು ಕರೆಯುತ್ತಿದ್ದರು. ನಂತರ ಗೆರೆಯ ಹೊರಗೆ ಕೈಕಟ್ಟಿ ನಿಲ್ಲುವುದು. ಮೊದಲ ದಿನ ಚೆಂಡು ಕಾಲಬಳಿ ಬಂದಾಗ ಅವರ ಪಾದ ತಾನಾಗಿ ಮುಂದೆ ಹೋಗಿ ಹಿಂದೆ ಬಂತು. "ಅಣ್ಣ ಟ್ರಾಫಿಕ್ ಪೊಲೀಸ್ ಆಗೋಯ್ತು ಲಾ," ಎಂದು ಹುಡುಗಿಯರು ನಕ್ಕರು. ಅವರೂ ನಕ್ಕರು. ನಿಂತು ನೋಡಿದ್ದರಿಂದಲೇ ಒಬ್ಬಳ ಬಲವೆಲ್ಲ ಎಡಗಾಲಿನಲ್ಲಿದೆ ಎಂದು, ಇನ್ನೊಬ್ಬಳಿಗೆ ಯಾರೂ ಪಾಸ್ ಕೊಡುವುದಿಲ್ಲವೆಂದು ಅವರಿಗೆ ಮೊದಲ ಸಲ ಕಂಡಿತು.

ಮೂಳೆ ಕೂಡಿ, ಡಾಕ್ಟರು ಒಪ್ಪಿ, ಆ ಹುಡುಗಿ ಮತ್ತೆ ಬಂದಳು. ಚೆಂಡು ಸಿಕ್ಕರೆ ನಡುವಿನವರೆಗೆ ಓಡುವಳು, ಗೋಲು ಹತ್ತಿರವಾದಂತೆ ಬೇರೆಯವರಿಗೆ ತಳ್ಳಿಬಿಡುವಳು. ಹೋಗು ಅನ್ನಿ ಎಂದು ನಾನು ಪಿಸುಗುಟ್ಟಿದೆ. ಅವರು ಬೇಡವೆಂದರು, ಅವಳನ್ನು ಹಿಂದಿನ ಸಾಲಿಗೆ ಹಾಕಿ, ಏನೂ ಹೇಳದೆ ಕಾದರು. ಹತ್ತು ದಿನ ಕಾದರು. ಒಂದು ಶುಕ್ರವಾರ ಅವಳು ಹಿಂದಿನಿಂದಲೇ ಚೆಂಡು ತಂದು, ಕಂಬಕ್ಕೆ ಮೈ ಉಜ್ಜುವಷ್ಟು ಹತ್ತಿರದಿಂದ ಒಳಗೆ ಹೊಡೆದಳು. ಅವರು ಆ ಕಡೆ ತಿರುಗಿ ಮುಖ ಒರೆಸಿಕೊಂಡರು.

ಶನಿವಾರ ನಮಗೆ ಎಚ್ಚರವಾದಾಗ ಬಿಸಿಲು ಹಾಸಿಗೆಯವರೆಗೆ ಬಂದಿತ್ತು. ಬಾಗಿಲು ಬಡಿದು ಬಡಿದು ಸಾಕಾಗಿ, ಹಾಲಿನವಳು ನಮ್ಮ ಹಾಲನ್ನು ಪಕ್ಕದ ಮನೆಗೆ ಕೊಟ್ಟು ಹೋಗಿದ್ದಳು.